ಮೂತಿಗಿಂತ ಸಪೂರ

ಶಿರಸಿ, ಜುಲೈ 16, 2023, ಭಾನುವಾರ

ಬೆಳಿಗ್ಗೆ ಎಂಟಕ್ಕೆ ಮಳೆ ಹೊಳವಾಯಿತು. ಅಪ್ಪ ಚಹದ ಲೋಟವನ್ನು ಅರ್ಧಕ್ಕೇ ಬಿಟ್ಟು ಎದ್ದರು. ಅಡಿಕೆಯ ಕೊಳೆರೋಗಕ್ಕೆ ಎರಡನೇ ಸುತ್ತಿನ ಔಷಧಿ ನಾಲ್ಕು ದಿನದಿಂದ ಬಾಕಿ ಬಿದ್ದಿತ್ತು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡನಿಗೆ ಫೋನು ಹೋಯಿತು, ಮೈಲುತುತ್ತ ಕರಗಿತು, ಸುಣ್ಣ ಕದಡಿತು. ನೂರು ಲೀಟರ್ ನೀರಿಗೆ ತಲಾ ಒಂದು ಕಿಲೋ. ನನ್ನ ಪಾಲಿಗೆ ಬಂದದ್ದು ಸುಣ್ಣದ ನೀರನ್ನು ಅರಿವೆಯಲ್ಲಿ ಸೋಸುವ ಕೆಲಸ. "ಒಂದು ಹರಳು ಉಳಿದರೂ ನಳಿಗೆ ಕಟ್ಟುತ್ತದೆ ಕೂಸೇ. ಮರದ ತುದಿಯಲ್ಲಿ ಕೂತವನು ಬಯ್ಯುವುದು ನನಗೆ" ಎಂದರು.

ನಳಿಗೆ ಕಟ್ಟುವ ಸಂಕಟವನ್ನು ನನಗೆ ಹೇಳಿಕೊಡಬೇಕಾಗಿಲ್ಲ. ಪ್ರಯೋಗಾಲಯದಲ್ಲಿ ನನ್ನದು ಅತಿ ಸಣ್ಣ ಹನಿಗಳಿಂದ ಮುದ್ರಿಸುವ ಕೆಲಸ, ಅಲ್ಲಿ ನನ್ನ ನಳಿಗೆ ಗಾಜಿನದು. ತುದಿಯ ರಂಧ್ರ ಒಂದು ಮೈಕ್ರೋಮೀಟರಿನ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನ, ಆಸುಪಾಸು. ಅದರೊಳಗೆ ಹೋಗಬೇಕಾದದ್ದು ಬಂಗಾರದ ನ್ಯಾನೋಕಣಗಳನ್ನು ಬೆರೆಸಿದ ಶಾಯಿ. ಕಣಗಳು ಒಂದಕ್ಕೊಂದು ಅಂಟಿ ಗಂಟಾದರೆ ಆ ನಳಿಗೆ ಕಸದ ಡಬ್ಬಿಗೆ. ಮೇ ತಿಂಗಳಲ್ಲಿ ಮೂರು ವಾರ ಹಾಗೆಯೇ ಹೋಯಿತು. ಸೋಸದೆ ತುಂಬಿದವಳು ನಾನೇ, ಅಪ್ಪನಿಗೆ ಮಾತ್ರ ಅದನ್ನು ಹೇಳಲಿಲ್ಲ.

ಶಾಯಿಯ ಫೋಟೋವನ್ನು ಅಮ್ಮನಿಗೆ ಮೊಬೈಲಿನಲ್ಲಿ ತೋರಿಸಿದೆ. "ಇದು ಬಂಗಾರವೇ? ಕುಂಕುಮ ಕದಡಿದ ನೀರು" ಎಂದು ಕೈಬಳೆಯ ಪಕ್ಕಕ್ಕೆ ಹಿಡಿದು ನೋಡಿದರು. ಅಷ್ಟು ಸಣ್ಣ ಚೂರಾದ ಬಂಗಾರ ಬೆಳಕನ್ನು ಬೇರೆ ರೀತಿಯಲ್ಲಿ ನುಂಗುತ್ತದೆ, ಕೆಂಪು ಉಳಿಯುತ್ತದೆ. ವಿಜ್ಞಾನಿ ಫ್ಯಾರಡೆ 1857ರಲ್ಲೇ ಈ ಕೆಂಪಿನ ಹಿಂದೆ ಬಿದ್ದಿದ್ದ. ಅಮ್ಮನಿಗೆ ಸಮಾಧಾನವಾಗಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ ಕೇಳಿದರು, ಅಷ್ಟು ಸಣ್ಣ ತೂತಿನಿಂದ ಔಷಧಿ ಹೊರಬರಲು ಎಷ್ಟು ಒತ್ತಡ ಕೊಡುತ್ತೀರಿ ಎಂದು. ಸರಿಯಾದ ಪ್ರಶ್ನೆ. ಉತ್ತರ: ನೂಕುವುದೇ ಇಲ್ಲ, ಎಳೆಯುತ್ತೇವೆ. ನಳಿಗೆಗೂ ಕೆಳಗಿನ ತಟ್ಟೆಗೂ ನಡುವೆ ಕೆಲವು ನೂರು ವೋಲ್ಟ್ ಕೊಟ್ಟರೆ ಮೂತಿಯಲ್ಲಿ ತೂಗುವ ಹನಿಯ ಮೈಮೇಲೆ ವಿದ್ಯುದಂಶ ಸೇರುತ್ತದೆ. ವಿದ್ಯುತ್ ಕ್ಷೇತ್ರ ಅದನ್ನು ಕೆಳಕ್ಕೆ ಜಗ್ಗುತ್ತದೆ, ಮೇಲ್ಮೈ ಬಿಗಿತ ದುಂಡಗೇ ಇರು ಎನ್ನುತ್ತದೆ. ಎರಡರ ಜಗಳದಲ್ಲಿ ಹನಿ ಶಂಕುವಾಗುತ್ತದೆ. ಅದರ ಅರ್ಧಕೋನ 49.3 ಡಿಗ್ರಿ ಎಂದು 1964ರಲ್ಲಿ ಲೆಕ್ಕ ಹಾಕಿದವನು ಭೌತವಿಜ್ಞಾನಿ ಜೆಫ್ರಿ ಟೇಲರ್. ಜಗ್ಗುವ ಬಲ ಮೇಲಾದಾಗ ಶಂಕುವಿನ ಚೂಪು ತುದಿಯಿಂದಷ್ಟೇ ಶಾಯಿಯ ಎಳೆ ಹೊರಡುತ್ತದೆ.

ಎಲೆಯ ಮೇಲೆ ದೋಸೆ, ಪಕ್ಕದಲ್ಲಿ ಜೋನಿ ಬೆಲ್ಲ ಇತ್ತು. ಸೌಟೆತ್ತಿ ಸುರಿದು ತೋರಿಸಿದೆ: ಸೌಟಿನ ಬಾಯಲ್ಲಿ ಬೆರಳಿನಷ್ಟು ದಪ್ಪ, ದೋಸೆ ಮುಟ್ಟುವಾಗ ದಾರ. ಬೆಲ್ಲವನ್ನು ಭೂಮಿ ಎಳೆಯುತ್ತದೆ, ನನ್ನ ಶಾಯಿಯನ್ನು ವೋಲ್ಟೇಜು. ಆದ್ದರಿಂದಲೇ ನಮ್ಮ ಹನಿ ಮೂತಿಗಿಂತ ಎಷ್ಟೋ ಸಪೂರ. ಕಚೇರಿಯ ಇಂಕ್‌ಜೆಟ್ ಪ್ರಿಂಟರ್ ನೂಕುವ ಜಾತಿಯದು, ಅದರ ಹನಿ ಸುಮಾರಾಗಿ ಮೂತಿಯಷ್ಟೇ ಇರುತ್ತದೆ. ಇಲಿನಾಯ್ ವಿಶ್ವವಿದ್ಯಾಲಯದವರು 2007ರಲ್ಲಿ ಈ ಎಳೆಯುವ ಮುದ್ರಣವನ್ನು ಮೈಕ್ರೋಮೀಟರಿಗಿಂತ ಕೆಳಕ್ಕೆ ಇಳಿಸಿದರು.

ನನಗೆ ಹುಚ್ಚು ಹಿಡಿಸಿದ್ದು ಮಾತ್ರ 2012ರ ಜ್ಯೂರಿಕ್ ಕೆಲಸ. ಅಲ್ಲಿ ಬಂಗಾರದ ಹನಿಗಳು ಒಂದರ ಮೇಲೊಂದು ಬಿದ್ದು ಕಂಬ ಕಟ್ಟುತ್ತವೆ. ಒಂದು ಹನಿಯ ದ್ರಾವಕ ಆರಿ ಕಣಗಳಷ್ಟೇ ಉಳಿಯುವ ಹೊತ್ತಿಗೆ ಮುಂದಿನದು ಬರುತ್ತದೆ. ಕಂಬ ಸ್ವಲ್ಪ ತಲೆಯೆತ್ತಿತೋ, ಅದರ ತುದಿಯಲ್ಲೇ ಕ್ಷೇತ್ರ ದಟ್ಟವಾಗುತ್ತದೆ. ಎತ್ತರದ ತೆಂಗಿನ ಮರವನ್ನೇ ಹುಡುಕಿಕೊಂಡು ಬರುವ ಸಿಡಿಲಿನ ಹಾಗೆ ಮುಂದಿನ ಹನಿ ತಾನಾಗಿ ಅಲ್ಲಿಗೇ ಬರುತ್ತದೆ. ಗುರಿ ಹಿಡಿಯುವವರು ಯಾರೂ ಬೇಡ. ದಪ್ಪ 50 ನ್ಯಾನೋಮೀಟರಿನಷ್ಟು, ಅಂದರೆ ಮೈಕ್ರೋಮೀಟರಿನ ಇಪ್ಪತ್ತರಲ್ಲೊಂದು ಪಾಲು, ಎತ್ತರ ಅದರ ಎಷ್ಟೋ ಪಟ್ಟು. ಥೇಟ್ ಅಡಿಕೆ ಮರ. ಅಪ್ಪ ಇಷ್ಟಕ್ಕೆ ಮಾತ್ರ ತಲೆಯಾಡಿಸಿದರು.

ಅಣ್ಣನ ಮಗನಿಗೆ ಮಾತು ಸಾಕಾಗಲಿಲ್ಲ, ನೋಡಲೇಬೇಕು. ಇಂಗ್ಲೆಂಡಿನ ವೈದ್ಯ ಗಿಲ್ಬರ್ಟ್ 1600ರಲ್ಲೇ ಉಜ್ಜಿದ ಅಂಬರನ್ನು (ಗಟ್ಟಿಯಾದ ಪುರಾತನ ಮರದ ಅಂಟು) ನೀರಹನಿಯ ಹತ್ತಿರ ಹಿಡಿದು ಅದು ಶಂಕುವಾಗುವುದನ್ನು ಕಂಡಿದ್ದ. ನಮ್ಮಲ್ಲಿದ್ದದ್ದು ಪ್ಲಾಸ್ಟಿಕ್ ಬಾಚಣಿಗೆ. ಕೆಸುವಿನ ಎಲೆ ಕೊಯ್ದು ತಂದು ಅದರ ಮೇಲೆ ಒಂದು ಹನಿ ಬಿಟ್ಟೆವು, ಮುತ್ತಿನಂತೆ ನಿಂತಿತು. ಬಾಚಣಿಗೆ ಉಜ್ಜಿ ಹಿಡಿದರೆ ಏನೂ ಇಲ್ಲ. ಮತ್ತೆ ಉಜ್ಜಿದೆವು, ಇಲ್ಲ. ಆಷಾಢದ ಶಿರಸಿಯಲ್ಲಿ ಉಪ್ಪಿನ ಭರಣಿಯೇ ನೀರೊಡೆಯುತ್ತದೆ, ಬಾಚಣಿಗೆಯ ಮೈಮೇಲೆ ವಿದ್ಯುದಂಶ ನಿಲ್ಲುವುದುಂಟೇ? ತೇವದ ಪದರದಲ್ಲೇ ಸೋರಿಹೋಗುತ್ತದೆ.

ಬಚ್ಚಲೊಲೆಯ ಹತ್ತಿರ ಅರ್ಧ ಗಂಟೆ ಇಟ್ಟೆವು, ಬಾಚಣಿಗೆಯನ್ನೂ ಅಜ್ಜನ ಉಣ್ಣೆಯ ಟೊಪ್ಪಿಯನ್ನೂ. ಅಲ್ಲೇ ಕೂತು ಉಜ್ಜಿ, ಉಸಿರು ಬಿಗಿಹಿಡಿದು ಹತ್ತಿರ ತಂದೆವು. ಹನಿಯ ನೆತ್ತಿ ಸಣ್ಣಗೆ ಉಬ್ಬಿತು, ಮೊನಚಾಯಿತು, ಒಂದು ಕ್ಷಣ ಹಾಗೇ ನಿಂತು, ಉರುಳಿ ಬಾಚಣಿಗೆಯ ಕಡೆಗೆ ಬಂದು ಎಲೆಯಿಂದ ಜಾರಿತು.

"ಅತ್ತೆ, ಅದು ಕತ್ತು ಎತ್ತಿ ನೋಡಿತು!"

ಇನ್ನೊಂದು ಹನಿ, ಮತ್ತೊಂದು. ಹನ್ನೊಂದನೆಯದಕ್ಕೆ ಅಂಗಳದಲ್ಲಿ ದಡದಡ ಸದ್ದಾಯಿತು. ಮಳೆ ಹಿಡಿದಿತ್ತು. ಅಪ್ಪ ಪಂಪನ್ನು ಕೊಟ್ಟಿಗೆಗೆ ಎಳೆದು ತಂದು ಒದ್ದೆ ತಲೆ ಒರೆಸಿಕೊಳ್ಳುತ್ತಾ, ಕೆಳಗಿನ ತೋಟದಲ್ಲಿ ಇನ್ನೂ ಇನ್ನೂರು ಮರ ಉಳಿದವು ಎಂದರು.