ಸೈನ್ ಕೋಷ್ಟಕ ಉರು ಹೊಡೆಯಬೇಕಿಲ್ಲ, ಕೈಯಲ್ಲೇ ಇದೆ

ಸಿಇಟಿ ಗಣಿತದಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಕ್ಯಾಲ್ಕುಲೇಟರ್ ಇಲ್ಲ. ಸೈನ್ 30 ಎಷ್ಟು, ಸೈನ್ 60 ಎಷ್ಟು ಅಂತ ತಡವರಿಸಲು ಹೊತ್ತಿರುವುದಿಲ್ಲ. ಮಗ್ಗಿಯ ಹಾಗೆ ಉರು ಹೊಡೆದವರಿಗೆ ಗಡಿಬಿಡಿಯಲ್ಲಿ ಈ ಎರಡೇ ಅದಲುಬದಲಾಗುವುದು.

ಎಡಗೈಯ ಅಂಗೈ ನಿಮ್ಮ ಕಡೆಗಿರಲಿ. ಕಿರುಬೆರಳು 0, ಉಂಗುರಬೆರಳು 30, ನಡುಬೆರಳು 45, ತೋರುಬೆರಳು 60, ಹೆಬ್ಬೆರಳು 90 ಡಿಗ್ರಿ. ಬೇಕಾದ ಬೆರಳನ್ನು ಮಡಚಿ. ಕಿರುಬೆರಳಿನ ಕಡೆ ಉಳಿದ ಬೆರಳುಗಳನ್ನು ಎಣಿಸಿ, ಆ ಸಂಖ್ಯೆಯ ವರ್ಗಮೂಲವನ್ನು 2ರಿಂದ ಭಾಗಿಸಿದರೆ ಸೈನ್. ಹೆಬ್ಬೆರಳಿನ ಕಡೆಯವನ್ನು ಎಣಿಸಿದರೆ ಕೊಸೈನ್. 30ಕ್ಕೆ ಉಂಗುರಬೆರಳು ಮಡಚಿದರೆ ಈಚೆ 1, ಆಚೆ 3: ಸೈನ್ √1/2, ಅಂದರೆ ಅರ್ಧ, ಕೊಸೈನ್ √3/2. ಮಡಚಿದ ಬೆರಳನ್ನೂ ಸೇರಿಸಿ ಎಣಿಸುವುದೇ ಇಲ್ಲಿ ಆಗುವ ದೊಡ್ಡ ತಪ್ಪು.

ಈ ಉಪಾಯದಲ್ಲಿ ನನಗೆ ತುಂಬ ಇಷ್ಟವಾಗುವುದು ಬೇರೆ. ಯಾವ ಬೆರಳು ಮಡಚಿದರೂ ಉಳಿಯುವುದು ನಾಲ್ಕೇ. ಸೈನ್ ವರ್ಗಕ್ಕೆ ಕೊಸೈನ್ ವರ್ಗ ಕೂಡಿಸಿದರೆ 1/4 + 3/4, ಇಲ್ಲವೇ 2/4 + 2/4, ಹೇಗಾದರೂ 1. ಪೈಥಾಗೊರಸ್ ಪ್ರಮೇಯ ಅಂಗೈಯಲ್ಲೇ ಕೂತಿದೆ.

ನಂಬಿಕೆ ಬರಲು ಜಾಮಿಟ್ರಿ ಬಾಕ್ಸ್‌ನ ಎರಡು ಮೂಲೆಮಟ್ಟ ಸಾಕು. ಬೆಂಗಳೂರಿನ ಅವೆನ್ಯೂ ರಸ್ತೆಯ ಅಂಗಡಿಗಳಲ್ಲಿ ಸಿಗುವ ಸಾದಾ ಪ್ಲಾಸ್ಟಿಕ್‌ನದೇ ಆಗಲಿ. ಉದ್ದನೆಯದು 30-60-90. ತುದಿಗಳು ಮೊಂಡಾಗಿರುತ್ತವೆ, ಹಾಗಾಗಿ ಹಾಳೆಯ ಮೇಲಿಟ್ಟು ಅಂಚು ಗೀಚಿ, ಗೆರೆಗಳು ಕೂಡುವವರೆಗೆ ಎಳೆದು ಆಮೇಲೆ ಅಳೆಯಿರಿ. ಚಿಕ್ಕ ಬಾಹು 6 ಸೆಂಟಿಮೀಟರ್ ಬಂದರೆ ವಿಕರ್ಣ 12, ಇನ್ನೊಂದು ಬಾಹು ಸುಮಾರು 10.4. ಸಮಬಾಹು ತ್ರಿಭುಜವನ್ನು ನಡುವೆ ಸೀಳಿದ ಅರ್ಧ ಇದು. ಅದಕ್ಕೇ ಚಿಕ್ಕ ಬಾಹು ವಿಕರ್ಣದ ಸರಿಯರ್ಧ. ಚಿಕ್ಕ ಬಾಹುವಿನ ಎದುರಿಗಿರುವುದು ಚಿಕ್ಕ ಕೋನ, 30. ಸೈನ್ ಅಂದರೆ ಕೋನದ ಎದುರಿನ ಬಾಹುವನ್ನು ವಿಕರ್ಣದಿಂದ ಭಾಗಿಸಿದ್ದು, ಹಾಗಾಗಿ ಸೈನ್ 30 ಅರ್ಧ. ಇದೊಂದು ಕಣ್ಣಿಗೆ ಕಟ್ಟಿದರೆ 30-60 ಗೊಂದಲ ಮತ್ತೆ ಬರುವುದಿಲ್ಲ. ಇನ್ನೊಂದು ಮೂಲೆಮಟ್ಟದ ಎರಡು ಬಾಹು ಸಮ, ಸೈನ್ 45 ಮತ್ತು ಕೊಸೈನ್ 45 ಒಂದೇ.

ಆರ್ಯಭಟನ ಜ್ಯಾ ಕೋಷ್ಟಕದಲ್ಲೂ (ಜ್ಯಾ ಅಂದರೆ ಸೈನ್ ಅನ್ನು ತ್ರಿಜ್ಯದಿಂದ ಗುಣಿಸಿದ್ದು) ಇದೇ ಅರ್ಧ ಕಾಣುತ್ತದೆ: ತ್ರಿಜ್ಯ 3438, 30 ಡಿಗ್ರಿಗೆ ಜ್ಯಾ 1719.

ಸೈನ್ 45ಕ್ಕೆ ಬರುವ √2/2 ಮತ್ತು 1/√2 ಒಂದೇ ಬೆಲೆ. ಆಯ್ಕೆಗಳಲ್ಲಿ ಒಂದು ಕಾಣದಿದ್ದರೆ ಇನ್ನೊಂದನ್ನು ಹುಡುಕಿ. ಮನೆಯಲ್ಲಿ ಕ್ಯಾಲ್ಕುಲೇಟರ್‌ನಲ್ಲಿ ಸೈನ್ 30 ಒತ್ತಿ -0.988 ಬಂದರೆ ಗಾಬರಿ ಬೇಡ, ಅದು ಕೋನ ಅಳೆಯುವ ಇನ್ನೊಂದು ಮಾನವಾದ ರೇಡಿಯನ್‌ನಲ್ಲಿದೆ. ಡಿಗ್ರಿಗೆ ಬದಲಿಸಿ ಮತ್ತೆ ಒತ್ತಿ.