ಸೆಲ್ಯುಲೋಸ್ ಜೆಲ್, ಆರನೇ ವಾರ: ಕರಗಿತು, ಒಣಗಿಸೋದು ಬಾಕಿ

ಗಿಡಗಳ ನಾರಿನ ವಸ್ತುವಾದ ಸೆಲ್ಯುಲೋಸನ್ನು ಕರಗಿಸಿ ಜೆಲ್ ಮಾಡಿ, ಒಳಗಿನ ರಂಧ್ರಗಳು ಮುಚ್ಚಿಹೋಗದ ಹಾಗೆ ಒಣಗಿಸಬೇಕು ಅಂತ ಮನೆಯಲ್ಲೇ ಹೊರಟಿದ್ದೇನೆ. ಶನಿವಾರ ರಾತ್ರಿ ಅದು ಕೊನೆಗೂ ಕರಗಿತು! ಫ್ರೀಜರಿನಿಂದ ತೆಗೆದ ದ್ರಾವಣದ ಡಬ್ಬಿಗೆ ಸೆಲ್ಯುಲೋಸ್ ಪುಡಿ ಉದುರಿಸಿ ಜೋರಾಗಿ ಕಲಕಿದೆ. ಮೊದಲು ಅಕ್ಕಿ ತೊಳೆದ ನೀರಿನ ಹಾಗಿತ್ತು. ಐದು ನಿಮಿಷದಲ್ಲಿ ಡಬ್ಬಿಯ ಕೆಳಗಿಟ್ಟಿದ್ದ ಸ್ಕೇಲಿನ ಗೆರೆಗಳು ಒಂದೊಂದಾಗಿ ಕಾಣತೊಡಗಿದವು. ಸುಮ್ನೆ ನೋಡ್ತಾ ನಿಂತುಬಿಟ್ಟೆ.

ದ್ರಾವಣದ ಅಳತೆ ಇಷ್ಟೇ: 7 ಗ್ರಾಂ ಕಾಸ್ಟಿಕ್ ಸೋಡಾ, 12 ಗ್ರಾಂ ಯೂರಿಯಾ, 81 ಗ್ರಾಂ ನೀರು. ಚೀನಾದ ವುಹಾನ್ ವಿಶ್ವವಿದ್ಯಾಲಯದ ಲಿನಾ ಜಾಂಗ್ ಅವರ ತಂಡ ಕಂಡುಕೊಂಡ ದಾರಿ ಇದು. ಮಿಶ್ರಣವನ್ನು ಮೊದಲೇ ಮೈನಸ್ 12 ಡಿಗ್ರಿಗೆ ಇಳಿಸಿರಬೇಕು. ಸಕ್ಕರೆ ಬಿಸಿನೀರಲ್ಲಿ ಬೇಗ ಕರಗುತ್ತೆ, ಇಲ್ಲಿ ಸೆಲ್ಯುಲೋಸಿಗೆ ಚಳಿ ಬೇಕು. ಬಿಸಿ ಮಾಡಿದರೆ ಗಟ್ಟಿಯಾಗಿಬಿಡುತ್ತೆ. ಸೆಲ್ಯುಲೋಸ್ ಕರಗಿಸಿ ವಿಸ್ಕೋಸ್ ರೇಯಾನ್ ಎಂಬ ಬಟ್ಟೆಯ ನೂಲು ಮಾಡುವ ಹಳೆಯ ವಿಧಾನದಲ್ಲಿ ಕಾರ್ಬನ್ ಡೈಸಲ್ಫೈಡ್ ಬಳಸುತ್ತಾರೆ, ಅದು ನರಗಳನ್ನೇ ಹಾಳುಮಾಡುವ ವಿಷ. ಇಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರೇ. ನಾನು ಇದನ್ನು ಹಿಡಿದಿದ್ದೇ ಅದಕ್ಕೆ. ಆದರೂ ಕಾಸ್ಟಿಕ್ ಸೋಡಾ ಚರ್ಮ ಸುಡುತ್ತೆ, ಕನ್ನಡಕ, ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಅಲ್ಯೂಮಿನಿಯಂ ಪಾತ್ರೆಯಂತೂ ಬೇಡವೇ ಬೇಡ.

ಮೊದಲ ಮೂರು ವಾರ ಮೆಡಿಕಲ್ ಶಾಪಿನ ಹತ್ತಿಯಲ್ಲೇ ಕಳೆದುಹೋಯಿತು. ಅದರ ಸೆಲ್ಯುಲೋಸ್ ಅಣುಗಳ ಸರಪಳಿಗಳು ತುಂಬಾ ಉದ್ದ, ಎಳೆಗಳು ಊದಿಕೊಂಡವೇ ಹೊರತು ಕರಗಲಿಲ್ಲ. ಈಗ ಮಾತ್ರೆಗಳಿಗೆ ಹಾಕುವ, ಸರಪಳಿಗಳು ಗಿಡ್ಡವಾಗಿರುವ ಮೈಕ್ರೋಕ್ರಿಸ್ಟಲಿನ್ ಸೆಲ್ಯುಲೋಸ್ ಪುಡಿ ಬಳಸಿದ್ದೇನೆ, 100 ಗ್ರಾಂ ದ್ರಾವಣಕ್ಕೆ 5 ಗ್ರಾಂ. ಊರಿಂದ ತಂದ ಗೊಬ್ಬರದ ಯೂರಿಯಾಗೆ ಬೇವಿನ ಎಣ್ಣೆ ಲೇಪ ಇರುತ್ತೆ, ಹಾಗಾಗಿ ಕೆಮಿಕಲ್ ಅಂಗಡಿಯದ್ದೇ ತಂದೆ.

ಪುಟ್ಟ ಪ್ಲಾಸ್ಟಿಕ್ ಬಟ್ಟಲುಗಳಿಗೆ ಸುರಿದು, 50 ಡಿಗ್ರಿ ಬಿಸಿನೀರಲ್ಲಿ ಇಟ್ಟೆ. ಹೆಪ್ಪುಗಟ್ಟಿದ ಮೇಲೆ ವಿನೆಗರ್‌ನಲ್ಲಿ ಮುಳುಗಿಸಿ, ಎರಡು ದಿನ ನೀರು ಬದಲಿಸುತ್ತಾ ತೊಳೆದೆ. ಕೈಗೆ ಬಂದದ್ದು ಎಳನೀರಿನ ತೆಳುಗಂಜಿಯಂಥ ಬಿಲ್ಲೆ. ಒತ್ತಿದರೆ ನೀರು ಒಸರುತ್ತೆ, ಬಿಟ್ಟರೆ ಆಕಾರ ಉಳಿಯುತ್ತೆ.

ಕಷ್ಟ ಇರೋದು ಒಣಗಿಸುವುದರಲ್ಲಿ. ಫ್ಯಾನಿನ ಕೆಳಗಿಟ್ಟ ಬಿಲ್ಲೆ 30 ಮಿ.ಮೀ. ಇದ್ದದ್ದು 13 ಆಯಿತು. ಉಗುರಲ್ಲಿ ತಟ್ಟಿದರೆ ಹುಣಸೆ ಬೀಜದ ಹಾಗೆ ಟಕ್ ಅನ್ನುತ್ತೆ. ನೀರು ಆರುವಾಗ ತನ್ನ ಮೇಲ್ಮೈ ಸೆಳೆತದಿಂದ ರಂಧ್ರಗಳ ಗೋಡೆಗಳನ್ನೆಲ್ಲ ಒಂದಕ್ಕೊಂದು ಅಂಟಿಸಿಬಿಡುತ್ತೆ. ಇನ್ನೊಂದರಲ್ಲಿ ಮೂರು ದಿನ ಬಿಟ್ಟು ಬಿಟ್ಟು ನೀರಿನ ಜಾಗಕ್ಕೆ ಎಥೆನಾಲ್ (ಆಲ್ಕೋಹಾಲ್) ತುಂಬಿಸಿದೆ. ಅದರ ಸೆಳೆತ ನೀರಿನದರ ಮೂರನೇ ಒಂದು ಭಾಗದಷ್ಟೇ. ಒಣಗಿದಾಗ ಬಿಲ್ಲೆ 17 ಮಿ.ಮೀ.ಗೆ ನಿಂತಿತು. ಬಿಳಿ, ಸ್ವಲ್ಪ ಹಗುರ. ಒಂದು ಹನಿ ನೀರು ಬಿಟ್ಟರೆ ತಕ್ಷಣ ಹೀರುತ್ತೆ. ಅಂದರೆ ಒಳಗೆ ರಂಧ್ರಗಳು ಉಳಿದಿವೆ!

1931ರಲ್ಲಿ ಅಮೆರಿಕದ ವಿಜ್ಞಾನಿ ಕಿಸ್ಟ್ಲರ್, ಬಿಸಿ ಮತ್ತು ಒತ್ತಡ ಏರಿಸಿ ದ್ರವ, ಅನಿಲ ಅನ್ನೋ ಭೇದವೇ ಇಲ್ಲದಂತೆ ಮಾಡಿ, ಈ ಸೆಳೆತವನ್ನೇ ಇಲ್ಲವಾಗಿಸುವ ದಾರಿ ತೋರಿಸಿದರು. ಇವತ್ತು ಲ್ಯಾಬುಗಳಲ್ಲಿ ಅದಕ್ಕೆ ಕಾರ್ಬನ್ ಡೈಆಕ್ಸೈಡ್ ಬಳಸುತ್ತಾರೆ. 31 ಡಿಗ್ರಿ, 73 ಪಟ್ಟು ವಾಯುಒತ್ತಡ ಬೇಕು, ಮನೆಯಲ್ಲಿ ಆಗದ ಮಾತು. ಮೂರನೇ ಬಿಲ್ಲೆಗೆ ಟರ್ಷಿಯರಿ ಬ್ಯೂಟನಾಲ್ ಎಂಬ ಇನ್ನೊಂದು ಬಗೆಯ ಆಲ್ಕೋಹಾಲ್ ತುಂಬಿಸುತ್ತಿದ್ದೇನೆ. ಅದು 25 ಡಿಗ್ರಿಗೇ ಗಡ್ಡೆಕಟ್ಟುತ್ತೆ, ವ್ಯಾಕ್ಯೂಮಿನಲ್ಲಿ ದ್ರವವಾಗದೆ ನೇರ ಆವಿಯಾಗುತ್ತೆ, ಹಾಗಾಗಿ ದ್ರವದ ಸೆಳೆತದ ಕಾಟ ಇರಲ್ಲ. ವ್ಯಾಕ್ಯೂಮ್ ಪಂಪ್ ಭಾನುವಾರ ಸಿಗುತ್ತೆ.