ಮೇಲೊಂದು ಎಸ್‌ಟಿಪಿ

ಬೆಂಗಳೂರಿನ ಕನಕಪುರ ರಸ್ತೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ 72 ಮನೆಗಳಿವೆ, ಕೊಳಚೆ ನೀರನ್ನು ಶುದ್ಧಮಾಡುವ ಒಂದು ಎಸ್‌ಟಿಪಿ ಇದೆ, ಅದರ ವಾಸನೆಗೆ ಉತ್ತರ ಹೇಳಲು ನಾನಿದ್ದೇನೆ. ಸಂಘದ ಕಾರ್ಯದರ್ಶಿಯಾಗಿ ಇದು ಮೂರನೇ ವರ್ಷ. ಬೇರೆ ಯಾರೂ ಈ ಕುರ್ಚಿಗೆ ಆಸೆಪಡುವುದಿಲ್ಲ.

2024ರ ಮಾರ್ಚ್ ನೆನಪಿರಬೇಕು. ನಮ್ಮ ಬೋರ್‌ವೆಲ್ ಬತ್ತಿತ್ತು, ಟ್ಯಾಂಕರ್‌ನವರು ಫೋನ್ ಎತ್ತುತ್ತಿರಲಿಲ್ಲ. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂಬ ಜಲಮಂಡಳಿಯ ಆದೇಶವನ್ನು ಲಿಫ್ಟಿನೊಳಗೆ ಅಂಟಿಸಿದ್ದೆ. ಅದೇ ವಾರ ಎಸ್‌ಟಿಪಿಗೆ ಗಾಳಿ ಊದುವ ಬ್ಲೋವರ್ ಸುಟ್ಟುಹೋಯಿತು. ಗಾಳಿ ಸಿಗದೆ ಟ್ಯಾಂಕಿನಲ್ಲಿದ್ದ ಒಳ್ಳೆಯ ಬ್ಯಾಕ್ಟೀರಿಯಾಗಳು ಸತ್ತವು, ನೀರು ಕಪ್ಪಗಾಯಿತು, ನೆಲಮಾಳಿಗೆಯಿಂದ ಕೊಳೆತ ಮೊಟ್ಟೆಯ ವಾಸನೆ ಮೆಟ್ಟಿಲು ಹತ್ತಿ ಬಂತು. ಹೊಸ ಬ್ಲೋವರ್ ಬಂದ ಮೇಲೆ, ಶುದ್ಧವಾದ ನೀರನ್ನು ಶೌಚಾಲಯದ ಫ್ಲಶ್‌ಗೆ ಬಿಡೋಣ ಎಂದು ಸಭೆಯಲ್ಲಿ ಪ್ರಸ್ತಾಪಿಸಿದೆ. ಮೂರನೇ ಮಹಡಿಯ ಟೀಚರಮ್ಮ ಎದ್ದು ನಿಂತರು.

"ಊರವರ ಕೊಳೆ ತೊಳೆದ ನೀರು ನನ್ನ ಮನೆಯೊಳಗೆ ಕಾಲಿಡಬಾರದು, ಸೆಕ್ರೆಟರಿಯವರೇ."

ಮಡಿಯ ಮುಂದೆ ನನ್ನ ಲ್ಯಾಬ್ ರಿಪೋರ್ಟಿಗೆ ಯಾವ ಬೆಲೆ? ಪ್ರಸ್ತಾಪ ಬಿದ್ದುಹೋಯಿತು.

ಆ ಹೊಟ್ಟೆಯುರಿಯಲ್ಲೇ ನಾನು ಬಾಹ್ಯಾಕಾಶ ನಿಲ್ದಾಣದ ಬಗ್ಗೆ ಓದಲು ಶುರುಮಾಡಿದ್ದು. ಎಲ್ಲರಿಗೂ ಅಲ್ಲಿ ತೇಲಾಡುವುದು ಆಕರ್ಷಣೆ, ನನಗೆ ಅಲ್ಲಿನ ಕೊಳಾಯಿ ವ್ಯವಸ್ಥೆ. ನೆಲದಿಂದ ಸುಮಾರು 400 ಕಿ.ಮೀ. ಎತ್ತರ, ಸಾಮಾನ್ಯವಾಗಿ ಏಳು ಜನ, ಟ್ಯಾಂಕರ್ ಬರುವ ದಾರಿಯಿಲ್ಲ. ಮೂತ್ರವನ್ನು ಕಡಿಮೆ ಒತ್ತಡದಲ್ಲಿ, ತಿರುಗುವ ಡ್ರಮ್ಮಿನೊಳಗೆ ಕಾಯಿಸಿ ಆವಿ ಮಾಡಿ, ಆ ಆವಿಯನ್ನು ಮತ್ತೆ ನೀರಾಗಿಸುತ್ತಾರೆ. ದಿನಕ್ಕೆ ಎರಡು ಗಂಟೆ ವ್ಯಾಯಾಮ ಮಾಡುವವರ ಬೆವರು ಮತ್ತು ಎಲ್ಲರ ಉಸಿರಿನ ತೇವವನ್ನೂ ಯಂತ್ರ ಗಾಳಿಯಿಂದ ಹಿಂಡಿಕೊಳ್ಳುತ್ತದೆ. 2023ರಲ್ಲಿ ಈ ವ್ಯವಸ್ಥೆ 98 ಶೇಕಡಾ ಮುಟ್ಟಿತು. ಅಂದರೆ ನೂರು ಲೀಟರಿನಲ್ಲಿ ಕಳೆದುಹೋಗುವುದು ಎರಡೇ ಲೀಟರ್. ಅಮೆರಿಕದವರ ಬೆವರು ಜಪಾನಿನವರ ಚಹಾ ಆಗುತ್ತದೆ. ಅಲ್ಲಿ ಆಕ್ಷೇಪ ಎತ್ತಲು ಸರ್ವಸದಸ್ಯರ ಸಭೆಯೂ ಇಲ್ಲ.

ಕಳೆದ ವರ್ಷ, 2025ರ ಜುಲೈನಲ್ಲಿ, ಶುಭಾಂಶು ಶುಕ್ಲಾ ಅಲ್ಲಿದ್ದಾಗ ನಿಲ್ದಾಣದಲ್ಲಿ ಒಟ್ಟು 11 ಜನ. ಮೋಡ ಸರಿದ ಒಂದು ಸಂಜೆ ನಮ್ಮ ತಾರಸಿಯಲ್ಲಿ ಮಕ್ಕಳೆಲ್ಲ ಸೇರಿದ್ದರು. ಟೀಚರಮ್ಮನೂ ಶಾಲು ಹೊದ್ದು ಬಂದಿದ್ದರು. ಮಿನುಗದ ಒಂದು ಬಿಳಿ ಚುಕ್ಕಿ ಪಶ್ಚಿಮದ ಕಡೆಯಿಂದ ಎದ್ದು, ನೀರಿನ ಟ್ಯಾಂಕಿನ ಮೇಲಾಗಿ, ಸದ್ದಿಲ್ಲದೆ ದಾಟಿಹೋಯಿತು.

"ಅವರು ಕುಡಿಯುವುದೂ ಅದೇ ನೀರೇ?" ಎಂದರು. ಸಭೆಯಲ್ಲಿ ನಾನು ಕೊರೆದದ್ದು ಮರೆತಿರಲಿಲ್ಲ.

"ಕಾಫಿಗೂ ಅದೇ ಅಮ್ಮ."

"ಅಲ್ಲಿ ಬ್ಲೋವರ್ ಸುಟ್ಟರೆ?"

ಇದಕ್ಕಾಗಿಯೇ ಕಾದಿದ್ದವನಂತೆ ಹೇಳಿದೆ. 2024ರಲ್ಲಿ ಅಲ್ಲಿಯೂ ಮೂತ್ರ ಸಂಸ್ಕರಿಸುವ ಯಂತ್ರದ ಪಂಪ್ ಕೈಕೊಟ್ಟಿತ್ತು. ಮೂತ್ರವನ್ನು ತುಂಬಿ ತುಂಬಿ ಇಡಬೇಕಾಯಿತು. ಜೂನ್ 5ರಂದು ಹೊರಟ ಸ್ಟಾರ್‌ಲೈನರ್ ನೌಕೆಯಲ್ಲಿ ಸುಮಾರು 68 ಕಿಲೋ ತೂಕದ ಹೊಸ ಪಂಪ್ ಹೋಯಿತು. ಅದಕ್ಕೆ ಜಾಗ ಮಾಡಲು, ಅದೇ ನೌಕೆಯಲ್ಲಿ ಹೊರಟಿದ್ದ ಸುನೀತಾ ವಿಲಿಯಮ್ಸ್ ಮತ್ತು ಬುಚ್ ವಿಲ್ಮೋರ್ ಅವರ ಬಟ್ಟೆಯ ಪೆಟ್ಟಿಗೆಗಳನ್ನು ಕೆಳಗಿಳಿಸಿದರು. ಎಂಟು ದಿನದ ಪ್ರವಾಸ ತಾನೆ ಎಂಬ ಲೆಕ್ಕ. ಮರಳಿದ್ದು 2025ರ ಮಾರ್ಚ್ 18ಕ್ಕೆ.

"ಒಂಬತ್ತು ತಿಂಗಳು! ಬಟ್ಟೆಗೆ ಏನು ಮಾಡಿದರು?"

"ಅಲ್ಲಿದ್ದ ಬಟ್ಟೆಗಳಲ್ಲೇ ಹೊಂದಿಸಿಕೊಂಡರು. ಆಗಸ್ಟಿನಲ್ಲಿ ಸರಕು ನೌಕೆಯಲ್ಲಿ ಬೇರೆ ಬಂತು. ಅಲ್ಲಿ ಒಗೆಯುವುದಿಲ್ಲ ಅಮ್ಮ, ಹಾಕಿಕೊಂಡು ಹಾಕಿಕೊಂಡು ಕೊನೆಗೆ ಎಸೆಯುವುದೇ."

ಟೀಚರಮ್ಮ ಚುಕ್ಕಿ ಮರೆಯಾದ ದಿಕ್ಕನ್ನೇ ನೋಡುತ್ತ ನಿಂತರು. ಫ್ಲಶ್ ನೀರಿನ ವಿಷಯ ಈಗಲೇ ಎತ್ತಬೇಕೆಂದು ನನ್ನ ನಾಲಿಗೆ ತುರಿಸುತ್ತಿತ್ತು.

"ಒಗೆಯುವುದೇ ಇಲ್ಲವೇ!" ಎಂದರು. "ನೀರಿನ ವಿಷಯ ಹೇಗೋ ನುಂಗಬಹುದು. ಅದು ಮಾತ್ರ ನನ್ನಿಂದಾಗದು."